ಹಿಟ್ಟಿನ ಮೇಲಿನ ಹೆಜ್ಜೆ

– ಗುಡಿಸಬೇಡಿ ದೊಡ್ಡಪ್ಪ, ಒಂದು ನಿಮಿಷ. ಫೋಟೋ ತಗೊಂಡುಬಿಡ್ತೀನಿ.

– ಇದರದ್ದೇನವ್ವ ಫೋಟೋ? ಮದುವೆ ಮನೇನಾ ಇದು?

– ಒಂದು ಪ್ರಬಂಧ ಬರೀಬೇಕು. ಪಟಾಕಿಗೆ ಹೆದರಿದ ಮನೆ ನಾಯಿ ಮಾಡಿಟ್ಟ ರಂಪದಿಂದ ನಾವು ಕಲಿಯೋ ಜೀವನಪಾಠಗಳು. ದೀಪಾವಳಿ ಮುಗಿದ ಮೇಲೆ ಇಂಥದ್ದನ್ನ ಜನ ಇಷ್ಟಪಟ್ಟು ಓದ್ತಾರೆ.

– ಓಹೋ. ಎಷ್ಟು ಪಾಠ ಸಿಕ್ಕವು?

– ಮೂರಂತೂ ಆಗಲೇ ಸಿಕ್ಕಿವೆ. ಯಾವ ವಸ್ತುವೂ ಶಾಶ್ವತ ಅಲ್ಲ, ಅದು ಮೊದಲನೇದು. ಭಯ ಬಂದ್ರೆ ಬುದ್ಧಿ ಕೆಲಸ ಮಾಡಲ್ಲ, ಎರಡನೇದು. ಮೂರನೇದು ಕ್ಷಮೆ. ಇಷ್ಟೆಲ್ಲ ಚೆಲ್ಲಾಡಿದ್ರೂ ಕೆಂಚನ್ನ ನಾವು ಮನೆಯಿಂದ ಆಚೆ ಹಾಕಲ್ವಲ್ಲ.

– ಮೊದಲನೇದನ್ನ ನಿಮ್ಮ ದೊಡ್ಡಮ್ಮನ ಮುಂದೆ ಹೇಳು. ನೆನ್ನೆ ತಾನೆ ಮಿಲ್ಲಿಂದ ಬಂದ ರಾಗಿಹಿಟ್ಟು ಶಾಶ್ವತ ಅಲ್ಲ ಅಂತ. ನಾನು ಜಗಲಿ ಮೇಲೆ ನಿಂತು ಕೇಳ್ತೀನಿ.

– ತಮಾಷೆ ಬಿಡಿ.

– ಆಯ್ತು, ಬಿಟ್ಟೆ. ಬುದ್ಧಿ ಕೆಲಸ ಮಾಡಲಿಲ್ಲ ಅಂದ್ಯಲ್ಲ, ನೋಡಿ ಹೇಳಿದ್ಯೋ, ಅಲ್ಲಿ ನಿಂತ್ಕಂಡೇ ಹೇಳಿದ್ಯೋ?

– ನೋಡೋದೇನಿದೆ? ಪಾತ್ರೆ ಸ್ಟ್ಯಾಂಡ್ ಬಿದ್ದಿದೆ, ಹಿಟ್ಟಿನ ಡಬ್ಬ ಉರುಳಿದೆ, ಬಾಗಿಲು ಕೆರೆದು ಹಾಳು ಮಾಡಿದಾನೆ, ನಡುಮನೆ ತುಂಬ ಉಚ್ಚೆ.

– ಗೋಡೆ ಹಿಡ್ಕಂಡು ಈ ಕಡೆ ಬಾ. ಹಿಟ್ಟು ತುಳೀಬೇಡ. ಮೊದಲು ಮುಂಬಾಗಿಲು ನೋಡು. ಕೆರೆದಿರೋದು ಬಾಗಿಲ ತುಂಬ ಐತಾ? ಇಲ್ಲ. ಚಿಲಕದ ಕಡೆ ಅಂಚಲ್ಲಿ ಮಾತ್ರ, ನೆಲದಿಂದ ಒಂದು ಮೊಳದೊಳಗೆ. ಕೀಲಿನ ಕಡೆ ಒಂದು ಗೀರೂ ಇಲ್ಲ. ದಿನಾ ಬಾಗಿಲು ತೆಗೆದಾಗ ಸಂದು ಬಿಡೋದು ಯಾವ ಅಂಚಲ್ಲಿ ಅಂತ ಅವನಿಗೆ ಗೊತ್ತು. ನಾವು ಪಾಡ್ಯದ ಪೂಜೆಗೆ ತೋಟಕ್ಕೆ ಹೋಗಿದ್ದೂ ಈ ಬಾಗಿಲಿಂದಲೇ. ನಮ್ಮ ಹಿಂದೆ ಬರೋಕೆ ನೋಡಿದಾನೆ. ಆಮೇಲೆ ಗೇಟಿನ ಹತ್ರ ಊರ ಹುಡುಗರು ಸರ ಪಟಾಕಿ ಹಚ್ಚಿದಾರೆ. ಇಲ್ಲಿಂದ ಅಡುಗೆಮನೆಗೆ ಉಚ್ಚೆ ಹನಿ ಸಾಲಾಗಿ ಹೋಗೈತೆ ನೋಡು, ಒಂದು ಕಡೆಯೂ ಮಡುಗಟ್ಟಿಲ್ಲ. ನಿಂತು ಹೊಯ್ದಿದ್ದಲ್ಲ, ಓಡ್ತಾ ಓಡ್ತಾ ಹೋಗಿಬಿಟ್ಟೈತೆ.

– ಅಡುಗೆಮನೇಲಿ ಸ್ಟ್ಯಾಂಡಿಗೆ ಗುದ್ದಿದಾನೆ.

– ಹ್ಞೂ. ಅಷ್ಟೂ ಸ್ಟೀಲ್ ತಟ್ಟೆ ಕಲ್ಲು ಹಾಸಿನ ಮೇಲೆ ಬಿದ್ದಾಗ ಎಂಥ ಸದ್ದು! ಹೊರಗಿನ ಸದ್ದಿಗೆ ಹೆದರಿ ಒಳಗೆ ಬಂದ್ರೆ ಒಳಗೂ ಸದ್ದು. ಅರ್ಧ ರಂಪ ಪಟಾಕಿದು, ಇನ್ನರ್ಧ ತಟ್ಟೆಗಳದ್ದು. ಹಿಟ್ಟಿನ ಡಬ್ಬ ಉರುಳಿದ್ದು ಆವಾಗ. ಅಲ್ಲಿಂದ ಮುಂದಕ್ಕೆ ಹೆಜ್ಜೆ ಸಿಗ್ತಾವೆ. ಬೆರಳು ಅಗಲ ಆಗಿ ಉಗುರು ಹೂತಿರೋದು ನೋಡು, ಹೆಜ್ಜೆಗೂ ಹೆಜ್ಜೆಗೂ ಎಷ್ಟು ದೂರ ಐತೆ. ಈ ತಿರುವಿನಲ್ಲಿ ಜಾರಿದಾನೆ. ಹಿತ್ತಿಲ ಬಾಗಿಲಿಗೆ ಹೋಗಿ ಎರಡು ಸಲ ಕೆರೆದು ಬಿಟ್ಟಿದಾನೆ. ಅಲ್ಲಿಂದ ಬಚ್ಚಲಿನ ಕಡೆಗೆ ಹೆಜ್ಜೆ ಹತ್ರ ಹತ್ರ ಆಗ್ತಾ ಹೋಗ್ತಾವೆ, ನಡುವೆ ಒಂದು ಗೆರೆ. ಅದು ಬಾಲ. ಹಂಡೆ ಹಿಂದೆ ಬಗ್ಗಿ ನೋಡು.

– ಅಯ್ಯೋ, ಮೈಯಿನ ಅಚ್ಚೇ ಇದೆ.

– ಅಲ್ಲಿ ಹೋಗಿ ಮುದುರಿಕೊಂಡ ಮೇಲೆ ಏನೂ ಮಾಡಿಲ್ಲ. ಈ ಮನೇಲಿ ಬೀದಿ ಕಡೆ ಕಿಟಕಿ ಇಲ್ಲದ್ದು ಬಚ್ಚಲು ಒಂದೇ. ಗೋಡೆ ಕಲ್ಲಿಂದು, ಕತ್ತಲೆ, ಒಲೆ ಬೂದಿ ಇನ್ನೂ ಬೆಚ್ಚಗಿತ್ತು. ಎಲ್ಲಾ ಬಾಗಿಲು ಹಾಕಿ ನಾವು ಕೂಡಿಹಾಕಿದ ಮನೇಲಿ ಇದ್ದುದರಲ್ಲಿ ಒಳ್ಳೇ ಜಾಗ ಹುಡುಕ್ಕೊಂಡ. ಅದನ್ನ ನೀನು ಬುದ್ಧಿ ಇಲ್ಲ ಅಂತ ಬರ್ಕತೀಯ.

– ಸರಿ, ಎರಡನೇ ಪಾಠ ಹೊಡೆದುಹಾಕ್ತೀನಿ. ಆದ್ರೆ ಇಷ್ಟು ಹೆದರೋ ಅಂಥದ್ದು ಅಲ್ಲೇನಿತ್ತು? ಸರ ಪಟಾಕಿ ಅಷ್ಟೇ ತಾನೆ.

– ಓದಿದವಳು ನೀನು. ನೀನೇ ಹೇಳು.

– ಓದಿರೋದೇನೋ ಇದೆ. ನಮ್ಮ ಕಿವಿಗೆ ಹೆಚ್ಚಂದ್ರೆ 20,000 ಹರ್ಟ್ಸ್‌ವರೆಗಿನ ಸದ್ದು ಕೇಳುತ್ತೆ, ನಾಯಿಗೆ ಸುಮಾರು 45,000ದವರೆಗೆ. ನಮಗೆ ಕೇಳದಷ್ಟು ಸಣ್ಣ ಸದ್ದೂ ಅದಕ್ಕೆ ಕೇಳುತ್ತೆ. ಪಟಾಕಿಗೆ ಸರ್ಕಾರ ಹಾಕಿರೋ ಮಿತಿ, ಸಿಡಿಯೋ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್. ನಾವೀಗ ಮಾತಾಡ್ತಿರೋದು ಅರವತ್ತರ ಆಸುಪಾಸು. ಮಿತಿಯೊಳಗಿನ ಪಟಾಕಿನೇ ನಮ್ಮ ಕಿವಿಗೆ ಕೆಟ್ಟದ್ದು. 2018ರ ಅಕ್ಟೋಬರ್ 23ಕ್ಕೆ ಸುಪ್ರೀಂ ಕೋರ್ಟು ದೀಪಾವಳಿ ದಿನ ರಾತ್ರಿ ಎಂಟರಿಂದ ಹತ್ತು, ಎರಡೇ ಗಂಟೆ, ಅದೂ ಹಸಿರು ಪಟಾಕಿ ಅಂತ ಆದೇಶ ಕೊಡ್ತು. ಅದು ಹೊಗೆಯ ಮೇಲಿನ ಕೇಸು ಬಿಡಿ. ಆದ್ರೂ ಆ ಎರಡು ಗಂಟೆ ಅನ್ನೋದು ಇಂಥ ಜೀವಗಳಿಗೂ ಒಂದು ಆಸರೆ.

– ನಮ್ಮ ಅಂತರಘಟ್ಟೇಲಿ ಎಂಟು ಗಂಟೆಗೆ ಕಾಯ್ಕಂಡು ಕೂರ್ತಾರಾ? ಗೋಧೂಳಿ ಆಗ್ತಿದ್ದಂಗೆ ಶುರು. ನಾನು ಹೇಳೋದು ಬೇರೆ. ಸದ್ದು ದೊಡ್ಡದು ಅನ್ನೋದು ಒಂದು, ಯಾಕೆ ಬಂತು ಅಂತ ಗೊತ್ತಾಗದೆ ಇರೋದು ಇನ್ನೊಂದು. ಗುಡುಗೋಕೆ ಮುಂಚೆ ಗಾಳಿ ಬರ್ತದೆ, ಮೋಡ ಕವೀತದೆ, ಮಣ್ಣಿನ ವಾಸನೆ ಬರ್ತದೆ. ಪಟಾಕಿಗೆ ಯಾವ ಮುನ್ಸೂಚನೆ ಐತೆ? ಹಚ್ಚಿದವನಿಗೆ ಮಾತ್ರ ಗೊತ್ತು. ಅವನು ಕಿವಿ ಮುಚ್ಕಂಡು ನಗ್ತಿರ್ತಾನೆ.

– ನೀವು ಅಜ್ಜಂಪುರದಲ್ಲಿ ಅಮೃತಮಹಲ್ ದನದ ಜೊತೆ ಕೆಲಸ ಮಾಡಿದವರು. ಅವೂ ಹೀಗೇನಾ?

– ಅಮೃತಮಹಲ್ ದನ ಅಂದ್ರೆ ಏನು ಅನ್ಕಂಡೆ? ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತಿತ್ತು, ಟಿಪ್ಪು ಬಂದು ಅಮೃತಮಹಲ್ ಅಂತ ಹೆಸರಿಟ್ಟ. ಫಿರಂಗಿ ಎಳೆದ ದನ ಅವು. ಫಿರಂಗಿ ಸದ್ದಿನ ನಡುವೆ ನಡೆದ ತಳಿ ಅಂತ ನೀನು ಒಂದು ಪಾಠ ಮಾಡಬಹುದು. ನಾನು ಕಂಡಿದ್ದು ಹೇಳ್ತೀನಿ ಕೇಳು. ಕಾವಲಿನಲ್ಲಿ ಮೇಯ್ಕಂಡು ಬೆಳೆದವು, ಬಾಸೂರು ಕಾವಲು ನೋಡಿದೀಯಲ್ಲ, ಕೃಷ್ಣಮೃಗ ಓಡಾಡೋ ಬಯಲು. ಮನುಷ್ಯರ ಕೈ ಬಳಕೆ ಕಮ್ಮಿ. ಒಂದು ದಿನ ಒಂದು ಹಸು ದೊಡ್ಡಿ ಬಾಗಿಲಲ್ಲಿ ನಿಂತುಬಿಡ್ತು. ಬಾಲ ತಿರುವಿದ್ರು, ಕೋಲು ತೋರಿಸಿದ್ರು, ಬೈದ್ರು. ಮೂಗಲ್ಲಿ ಬುಸುಗುಡ್ತದೆ, ಒಳಗೆ ಹೆಜ್ಜೆ ಇಡಲ್ಲ. ಹಟಮಾರಿ ಅಂದ ಒಬ್ಬ. ನಮ್ಮ ಹಿರಿಯಾಳೊಬ್ಬರು ಬಂದು ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಅದು ನೋಡೋ ಕಡೆ ನೋಡಿದ್ರು. ಎದ್ದು ಹೋಗಿ ಬೇಲಿ ಮೇಲೆ ಯಾರೋ ಒಣಗಹಾಕಿದ್ದ ಟವಲ್ಲು ತೆಗೆದ್ರು. ಗಾಳಿಗೆ ಆಡ್ತಿತ್ತು ಅದು. ಹಸು ತಾನಾಗೇ ಒಳಗೆ ಹೋಯ್ತು.

– ಇದನ್ನೇ ಅಮೆರಿಕದಲ್ಲಿ ಟೆಂಪಲ್ ಗ್ರಾಂಡಿನ್ ಅನ್ನೋರು ದೊಡ್ಡ ಶಾಸ್ತ್ರವಾಗಿ ಬೆಳೆಸಿದಾರೆ ದೊಡ್ಡಪ್ಪ. ಆಟಿಸಂ ಇರೋ ಹೆಂಗಸು, 1947ರಲ್ಲಿ ಹುಟ್ಟಿದವರು, ಪ್ರೊಫೆಸರ್. ದನ ಸಾಗೋ ಓಣಿಯಲ್ಲಿ ತಾವೇ ಬಗ್ಗಿ ಹೋಗಿ ಅವುಗಳ ಕಣ್ಣೆತ್ತರದಲ್ಲಿ ಏನೇನು ಕಾಣುತ್ತೆ ಅಂತ ನೋಡಿದ್ರು. ನೇತಾಡೋ ಸರಪಳಿ, ಬೇಲಿ ಮೇಲೆ ಬಿಟ್ಟ ಕೋಟು, ನೀರಿನ ಗುಂಡಿಯಲ್ಲಿ ಹೊಳೆಯೋ ಬೆಳಕು. ಇಂಥ ಸಣ್ಣ ವಿಷಯಕ್ಕೇ ಹಿಂಡು ನಿಂತುಬಿಡುತ್ತೆ.

– ನಮ್ಮ ಹಿರಿಯಾಳು ಪ್ರೊಫೆಸರ್ ಆಗಲಿಲ್ಲ. ಬೀಡಿ ಸೇದ್ಕಂಡೇ ಇದ್ರು ಪಾಪ.

– ದೊಡ್ಡಪ್ಪ, ಬಾಗಿಲ ಹತ್ರ ರಕ್ತ ಇದೆ. ಇದೇನು, ಏನನ್ನಾದ್ರೂ ಕಚ್ಚಿದಾನಾ?

– ಪಂಚತಂತ್ರದ ಮುಂಗುಸಿ ಕಥೆ ಸ್ಕೂಲಲ್ಲಿ ಓದಿದ್ಯಾ, ಮರ್ತ್ಯಾ?

– ತೊಟ್ಟಿಲ ಮಗುವನ್ನ ಹಾವಿನಿಂದ ಕಾಪಾಡಿ, ಬಾಯಿ ತುಂಬ ರಕ್ತ ಮಾಡ್ಕೊಂಡು ಬಾಗಿಲಿಗೆ ಬಂದಿದ್ದು. ಮಗೂನೇ ಕಚ್ಚಿದೆ ಅಂತ ಹೊಡೆದು ಸಾಯಿಸಿದ್ರು.

– ಅದೂ ಮನೆಯೊಳಗಿನ ರಂಪದ ಕಥೆನೇ. ರಕ್ತ ಕಂಡ್ತು, ಒಳಗೆ ಹೋಗಿ ನೋಡಲಿಲ್ಲ. ಇದು ಅವನದ್ದೇ ರಕ್ತ. ಬಲಗಾಲಿನ ಉಗುರು ಬುಡದಲ್ಲಿ ಕಿತ್ತೈತೆ, ಬೆಳಿಗ್ಗೆ ಅರಿಶಿನ ಹಚ್ಚಿದೀನಿ. ಮಧ್ಯಾಹ್ನ ಪಶು ಆಸ್ಪತ್ರೆಗೆ ಕರ್ಕಂಡು ಹೋಗಬೇಕು.

– ಆದ್ರೂ ಅವನಿಗೆ ತಪ್ಪು ಮಾಡಿದೀನಿ ಅಂತ ಗೊತ್ತಿತ್ತು. ದೊಡ್ಡಮ್ಮ ರಾತ್ರಿ ಬಂದು ಬೈದಾಗ ನೋಡ್ಬೇಕಿತ್ತು, ಕಿವಿ ಹಿಂದಕ್ಕೆ, ಬಾಲ ಹೊಟ್ಟೆ ಕೆಳಗೆ, ಮುಖ ಆ ಕಡೆ. ಒಪ್ಪಿಕೊಂಡುಬಿಟ್ಟ.

– ಏನು ಒಪ್ಪಿಕೊಂಡ?

– ಹ್ಞಾಂ… ಇದರ ಬಗ್ಗೆ ಒಂದು ಪ್ರಯೋಗ ಇದೆ, ಈಗ ನೆನಪಾಯ್ತು. ನ್ಯೂಯಾರ್ಕಿನ ಅಲೆಗ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಪ್ರಕಟ ಮಾಡಿದ್ದು. ಹದಿನಾಲ್ಕು ನಾಯಿ. ತಿಂಡಿ ಇಟ್ಟು, ತಿನ್ನಬೇಡ ಅಂತ ಹೇಳಿ ಮಾಲೀಕರು ಆಚೆ ಹೋಗೋದು. ಕೆಲವು ತಿಂದ್ವು, ಕೆಲವು ಇಲ್ಲ. ಮಾಲೀಕರಿಗೆ ಒಂದೊಂದು ಸಲ ಬೇಕಂತಲೇ ಸುಳ್ಳು ಹೇಳಿದ್ರು. ತಿಂದಿದೆ ಅಂತ ನಂಬಿ ಬೈದಾಗ, ಮುಟ್ಟದೆ ಇದ್ದ ನಾಯಿಯೂ ಅದೇ ತಪ್ಪಿತಸ್ಥ ಮುಖ ಹಾಕ್ತು. ತಿಂದ ನಾಯಿಗಿಂತ ಒಂದು ಕೈ ಹೆಚ್ಚೇ.

– ಅಂದ್ರೆ ಅದು ಬೈಗುಳಕ್ಕೆ ಹಾಕೋ ಮುಖ.

– ಹೌದು.

– ಹಂಗಾದ್ರೆ ನೆನ್ನೆ ಅವನಿಗೆ ಹೆದರಿಕೆ ಮೇಲೆ ಹೆದರಿಕೆ. ಮೊದಲು ಪಟಾಕಿ, ಆಮೇಲೆ ತಟ್ಟೆ, ಕೊನೆಗೆ ನಿಮ್ಮ ದೊಡ್ಡಮ್ಮ. ಮೂರೂ ಒಂದಕ್ಕಿಂತ ಒಂದು ಜೋರು. ನಿನ್ನ ಮೂರನೇ ಪಾಠ ಏನಂದೆ, ಕ್ಷಮೆನಾ? ತಪ್ಪೇ ಇಲ್ಲದೋನಿಗೆ ಕ್ಷಮೆ ಕೊಟ್ಟು ನಾವು ದೊಡ್ಡೋರಾಗೋದು. ಚೆನ್ನಾಗೈತೆ.

– ನೀವು ಪಾಠ ಅನ್ನೋದನ್ನೇ ಬೇಡ ಅಂತೀರಿ. ನಮ್ಮ ಹಿರಿಯರು ಹಾಗಂದಿಲ್ಲ. ಭಾಗವತದ ಅವಧೂತ ಯದುರಾಜನಿಗೆ ಹೇಳಲ್ವಾ, ನನಗೆ ಇಪ್ಪತ್ತನಾಲ್ಕು ಗುರುಗಳು ಅಂತ. ಭೂಮಿ, ಗಾಳಿ, ಹೆಬ್ಬಾವು, ಜೇನು, ಪಾರಿವಾಳ, ಜೇಡ. ಅವನೇ ದತ್ತಾತ್ರೇಯ ಅಂತಾರೆ. ಅವನು ಕಲೀಬಹುದು, ನಾನು ಕಲೀಬಾರದಾ?

– ಒಳ್ಳೇ ಪ್ರಶ್ನೆ ಹಾಕಿದೆ. ಪಾರಿವಾಳದ್ದು ಹೇಳು ನೋಡೋಣ, ಏನು ಕಲಿತ?

– ಮರಿಗಳು ಬಲೆಗೆ ಬಿದ್ವು. ಸಂಕಟ ತಡೀಲಾರದೆ ತಾಯಿ ಹೋಗಿ ಬಿತ್ತು, ಹಿಂದೆ ಗಂಡೂ ಹೋಗಿ ಬಿತ್ತು. ಅತಿಯಾದ ಮೋಹ ಬೇಡ ಅಂತ ಕಲಿತ.

– ಜಿಂಕೆ?

– ಬೇಟೆಗಾರನ ಹಾಡಿಗೆ ಮರುಳಾಗಿ ಸಿಕ್ಕಿಬಿತ್ತು. ಪತಂಗ ದೀಪಕ್ಕೆ ಬಿತ್ತು. ಮೀನು ಗಾಳಕ್ಕೆ.

– ಬೇಡ ಬಂದು ಬಲೆ ಸುತ್ಕಂಡು ಹೋದ. ಅವಧೂತ ಏನು ಮಾಡಿದ?

– ಏನು ಮಾಡ್ತಾನೆ? ತಿಳ್ಕೊಂಡು ಮುಂದೆ ಹೋದ.

– ಹೋಗಬಹುದು ಅವನು. ಮನೆ ಇಲ್ಲ, ಮಠ ಇಲ್ಲ, ಉಡೋಕೆ ಬಟ್ಟೆ ಇಲ್ಲ. ಪಾರಿವಾಳ ಅವನು ಸಾಕಿದ್ದಲ್ಲ, ಬಲೆಯೂ ಅವನದ್ದಲ್ಲ. ನೋಡಿದ, ಕಲಿತ, ನಡೆದ. ಅವನಿಗೆ ನಾನು ಕೈ ಮುಗೀತೀನಿ. ಆದ್ರೆ ಕೆಂಚನ್ನ ಮರೀಲಿ ಮಡಿಲಲ್ಲಿ ಹಾಕ್ಕಂಡು ಬಂದಿದ್ದು ನಾನು. ಬಾಗಿಲು ಹಾಕಿದ್ದು ನಾವು. ಪಟಾಕಿ ನಮ್ಮೂರದ್ದು. ಸಂಸಾರಸ್ಥನಿಗೆ ಅವಧೂತನ ರಜೆ ಸಿಗಲ್ಲವ್ವ. ಗುಡಿಸಿ, ಒರೆಸಿ, ಉಗುರಿಗೆ ಮದ್ದು ಹಾಕಿಸಿ, ಬಾಗಿಲಿಗೆ ಹೊಸ ಹಲಗೆ ಹೊಡೆಸಿ, ಆಮೇಲೆ ಪುರುಸೊತ್ತು ಸಿಕ್ಕಿದ್ರೆ ಪಾಠ.

– ಇಪ್ಪತ್ತನಾಲ್ಕರಲ್ಲಿ ನಾಯಿ ಇಲ್ಲ, ಅದು ನಿಜ.

– ಇದ್ದಿದ್ರೆ ಅವಧೂತನ ಹಿಂದೆನೇ ಹೋಗಿರೋದು. ಆಗ ಅವನಿಗೂ ಒಂದು ತುತ್ತು ಅನ್ನದ ಚಿಂತೆ ಹತ್ಕಂತಿತ್ತು.

– ಕನ್ನಡದವರು ನಾಯಿಗೆ ಮರ್ಯಾದೆ ಕೊಟ್ಟೇ ಇಲ್ವಾ ಹಾಗಾದ್ರೆ? ಮೈಲಾರಲಿಂಗನ ಗೊರವಯ್ಯಗಳು ದೋಣಿಸೇವೆಯಲ್ಲಿ ನಾಯಿ ಥರ ಬೊಗಳಿ ಪ್ರಸಾದ ತಿಂತಾರೆ. ಮದ್ದೂರು ತಾಲ್ಲೂಕಿನ ಆತಕೂರಲ್ಲಿ ನಾಯಿಗೆ ಶಾಸನದ ಕಲ್ಲೇ ನಿಲ್ಲಿಸಿದಾರೆ. ಕ್ರಿ.ಶ. 949ರ ಸುಮಾರಿಂದು. ತಕ್ಕೋಲದ ಯುದ್ಧದಲ್ಲಿ ಹೋರಾಡಿದ ಮಣಲೆರ ಗಂಗರ ಬೂತುಗನ ಹತ್ರ ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ, ಕಾಳಿ ಅನ್ನೋ ನಾಯಿ ಕೇಳಿದ. ಆ ಕಾಳಿ ಕಾಡುಹಂದಿ ಜೊತೆ ಸೆಣಸಿ ಎರಡೂ ಸತ್ತವು. ನಾಯಿ ಹಂದಿ ಕಾದಾಡೋ ಚಿತ್ರ ಕೆತ್ತಿದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ನಾನು ನೋಡಿದೀನಿ.

– ಹಂದಿ ಮೇಲೆ ಬಿದ್ದ ನಾಯಿಗೆ ಕಲ್ಲು. ಹಂದಿ ನೋಡಿ ಹಂಡೆ ಹಿಂದೆ ಕೂತ ನಾಯಿನೂ ಆ ಊರಲ್ಲಿ ಇದ್ದೇ ಇರ್ತದೆ. ಅದಕ್ಕೆ ಯಾರೂ ಕಲ್ಲು ಹಾಕಲಿಲ್ಲ. ಬೇಕಾಗೂ ಇಲ್ಲ ಅನ್ನು. ಆದ್ರೆ ನನಗೆ ಆ ನಾಯಿ ಗುರುತು ಚೆನ್ನಾಗೈತೆ.

– ಅಂದ್ರೆ ನಾನು ಏನೂ ಬರೀಬಾರದು ಅಂತೀರಿ.

– ಯಾರಂದ್ರು? ನಮ್ಮ ಜಿಲ್ಲೆಯವರೇ ತೇಜಸ್ವಿ, ಮೂಡಿಗೆರೇಲಿ ಕೂತು ಕಿವಿ ಅನ್ನೋ ಅವರ ನಾಯಿ ಬಗ್ಗೆ ಬರೀಲಿಲ್ವಾ? ‘ಪರಿಸರದ ಕಥೆ’ ನಾನೂ ಓದಿದೀನಿ. ನಾಯಿ ನಾಯಿಯಾಗೇ ಇರ್ತದೆ ಅಲ್ಲಿ. ನಮಗೆ ಉಪದೇಶ ಮಾಡೋಕೆ ಬರಲ್ಲ.

– ನಾನು ಒಪ್ಪಲ್ಲ ದೊಡ್ಡಪ್ಪ, ಪೂರ್ತಿ ಒಪ್ಪಲ್ಲ. ನೀವು ಈ ಹಿಟ್ಟು ಓದಿ ಹೇಳಿದ್ರಲ್ಲ, ಅದನ್ನ ಕೇಳಿದ ಮೇಲೆ ನಾನು ಬೆಂಗಳೂರಲ್ಲಿ ಪಕ್ಕದ ಫ್ಲಾಟಿನ ನಾಯಿ ಬೊಗಳಿದ್ರೆ ಬೇರೆ ಥರ ಕೇಳ್ತೀನಿ. ಮನುಷ್ಯರು ಕಿರುಚಿದ್ರೂ ಅಷ್ಟೇ. ನಮ್ಮ ಆಫೀಸಲ್ಲಿ ಒಬ್ಬರಿದಾರೆ, ಯಾವಾಗ ನೋಡಿದ್ರೂ ಮೇಜಿನ ಮೇಲೆ ಫೈಲು ಕುಕ್ಕೋದೇ. ಅವರು ಯಾವ ಬಾಗಿಲು ಕೆರೀತಿದಾರೋ ಅಂತ ಈಗ ಅನ್ನಿಸ್ತಿದೆ. ಇದು ಪಾಠ ಅಲ್ದೆ ಇನ್ನೇನು?

– ಅದಿರಲಿ, ಅದನ್ನ ಇಟ್ಕೊ. ನಾನು ಬೇಡ ಅಂದಿದ್ದು ನೋಡದೆ ಮಾಡೋ ಪಾಠ. ಬೇರೆಯವರ ಹೆದರಿಕೇನ ಬೇಗ ಬೇಗ ಪಾಠ ಮಾಡ್ಕಂಡುಬಿಟ್ರೆ ನಮ್ಮ ಮನಸ್ಸಿಗೆ ಹಗುರ. ಆದ್ರೆ ಹೆದರಿದೋನು ಇದ್ದಲ್ಲೇ ಇರ್ತಾನೆ.

– ಇನ್ನೊಂದು ಕೇಳಬೇಕಿತ್ತು. ನಾಯಿ ಹೆದರಿದಾಗ ಮುದ್ದು ಮಾಡಬಾರದು, ಮಾಡಿದ್ರೆ ಹೆದರೋದೇ ಅಭ್ಯಾಸ ಆಗುತ್ತೆ ಅಂತಾರೆ. ರಾತ್ರಿ ನೀವು ಅವನ ಪಕ್ಕದಲ್ಲೇ ಕೂತಿದ್ರಿ.

– ಕೂತಿದ್ದೆ. ಅಜ್ಜಂಪುರದಲ್ಲಿ ಹೆದರಿದ ಗೂಳಿಯ ಭುಜದ ಮೇಲೆ ಕೈ ಇಟ್ಕಂಡು ನಿಂತಿರ್ತಿದ್ವಿ, ಉಸಿರು ಹಿಡಿತಕ್ಕೆ ಬರೋವರೆಗೂ. ಹೆದರಿಕೆ ಕಲ್ತರೆ ಬರೋ ವಿದ್ಯೆನಾ?

– ಈಗಿನ ಪಶುವೈದ್ಯರೂ ಅದನ್ನೇ ಹೇಳ್ತಾರೆ. ಭಯ ಭಾವನೆ, ಅದು ಬಹುಮಾನಕ್ಕೆ ಬೆಳೆಯೋ ಚಟ ಅಲ್ಲ. ಹತ್ರ ಬಂದ್ರೆ ತಳ್ಳಬೇಡಿ, ಬಚ್ಚಿಟ್ಟುಕೊಂಡ್ರೆ ಎಳೀಬೇಡಿ ಅಂತ. ಹಿಂದೆ ಕೊಡ್ತಿದ್ದ ಒಂದು ಮತ್ತಿನ ಮಾತ್ರೆಯಲ್ಲಿ ಮೈ ಅಲ್ಲಾಡದಂಗೆ ಆಗ್ತಿತ್ತಂತೆ, ಒಳಗಿನ ಭಯ ಹಾಗೇ ಇರ್ತಿತ್ತಂತೆ. ಈಗ ಭಯಾನೇ ಕಮ್ಮಿ ಮಾಡೋ ಮದ್ದುಗಳು ಬಂದಿವೆ. ಮಧ್ಯಾಹ್ನ ಡಾಕ್ಟರನ್ನ ಕೇಳೋಣ.

– ಕೇಳಬೇಕು. ಇದು ಇಲ್ಲಿಗೆ ಮುಗಿಯಲ್ಲ. ಫೆಬ್ರವರಿಗೆ ನಮ್ಮೂರ ಅಮ್ಮನ ಜಾತ್ರೆ. ಕಡೂರು, ತರೀಕೆರೆ, ಭದ್ರಾವತಿ ಕಡೆಯಿಂದೆಲ್ಲ ಪಾನಕದ ಗಾಡಿ ಬರ್ತಾವೆ, ಎತ್ತಿನ ಗೆಜ್ಜೆ, ಚಾಟಿ, ಕೇಕೆ, ಹಗಲು ರಾತ್ರಿ ಇಲ್ಲ. ಅಷ್ಟರೊಳಗೆ ಬಚ್ಚಲಿನಲ್ಲಿ ಅವನಿಗೆ ಜಾಗ ಮಾಡಬೇಕು. ಹಂಡೆ ಪಕ್ಕ ಗೋಣಿಚೀಲ ಹಾಸಿ ಈಗಿಂದಲೇ ಅಲ್ಲೇ ಊಟ ಹಾಕ್ತಾ ಬಂದ್ರೆ ಅದು ಅವನ ಜಾಗ ಅಂತ ಆಗ್ತದೆ. ಬಚ್ಚಲ ಬಾಗಿಲು ಹಾಕೋದೇ ಬೇಡ. ಸಾಯಂಕಾಲಕ್ಕೆ ಮುಂಚೆ ಸುತ್ತಾಡಿಸ್ಕಂಡು ಬರೋದು, ಒಬ್ಬರು ಮನೇಲಿರೋದು. ಪಾತ್ರೆ ಸ್ಟ್ಯಾಂಡು ಗೋಡೆಗೆ ಮೊಳೆ ಹೊಡೆಸೋದು.

– ಗೇಟಿನ ಹತ್ರ ಪಟಾಕಿ ಹಚ್ಚೋ ಹುಡುಗರಿಗೆ?

– ಹೇಳಿದೀನಿ. ನಾಯಿಗೆ ಹೆದರಿಕೆ ಆಗ್ತದೆ ಕಣ್ರೋ ಅಂದೆ. ನಕ್ಕರು.

– ನಾನು ಹೇಳ್ತೀನಿ. ಬರೆದಿದ್ದನ್ನ ಓದಿ ತೋರಿಸ್ತೀನಿ ಬೇಕಾದ್ರೆ.

– ಓದಿದ್ರೆ ಇನ್ನೂ ಜೋರಾಗಿ ನಗ್ತಾರೆ. ನಾಯಿ ಸುದ್ದಿನೇ ಎತ್ತಬೇಡ. ಗಾಡಿ ಹತ್ರ ಪಟಾಕಿ ಸಿಡಿದು ಎತ್ತು ಬೆದರಿದ್ರೆ ನೊಗದ ಮುಂದೆ ನಿಂತಿರೋನು ಯಾರು ಅಂತ ಕೇಳು. ಅವರಲ್ಲಿ ದೊಡ್ಡ ಹುಡುಗ ಈ ಸಲ ಹೊಸ ಹಳ್ಳಿಕಾರ್ ಜೋಡಿ ತಂದಿದಾನೆ, ಜಾತ್ರೆಗೆ ತಾನೇ ಹೊಡ್ಕಂಡು ಬರ್ತಾನಂತೆ. ಪಟಾಕಿ ಸದ್ದಿಗೆ ಪಳಗಿಸಿದ್ಯೇನಪ್ಪ ಅಂತ ಅಷ್ಟು ಕೇಳಿ ಸುಮ್ನೆ ಬಾ. ಹೋಗೋವಾಗ ಆ ಪೊರಕೆ ಈ ಕಡೆ ಕೊಟ್ಟು ಹೋಗು.